ಕೊರೆಯುವವರ ಕಥೆ

ಹಾಡು ಕೇಳುವ ಆಪ್‌ಗಳಲ್ಲಿ ಹಳೆಯ ಇಂಗ್ಲಿಷ್ ಆಲ್ಬಂ ಯಾವುದನ್ನಾದರೂ ಹುಡುಕಿ ನೋಡಿ. ಹಾಡಿನ ಹೆಸರಿಗೆ ಒಂದು ಬಾಲ ಅಂಟಿಕೊಂಡಿರುತ್ತದೆ. 'ರೀಮಾಸ್ಟರ್ 2009', 'ರೀಮಾಸ್ಟರ್ 2014', ಹೀಗೆ. ಹಾಡಿದವರು ಅವರೇ, ಗಿಟಾರ್ ಬಾರಿಸಿದವರು ಅವರೇ, ರೆಕಾರ್ಡ್ ಆಗಿದ್ದೂ 1969ರಲ್ಲೇ. ಮತ್ತೆ 2014ರಲ್ಲಿ ಯಾರು ಏನು ಮಾಡಿದರು? ಸಂಗೀತದ ಹುಚ್ಚಿರುವ ಗೆಳೆಯರನ್ನ ಕೇಳಿದರೆ "ಏನಿಲ್ಲ ಗುರೂ, ಸೌಂಡ್ ಸ್ವಲ್ಪ ಜಾಸ್ತಿ ಮಾಡಿರ್ತಾರೆ" ಅನ್ನೋ ಉತ್ತರ ಸಿಗುತ್ತದೆ. ಪೂರ್ತಿ ತಪ್ಪು ಉತ್ತರವೇನಲ್ಲ. ಆದರೆ ಮಾಸ್ಟರಿಂಗ್ ಅನ್ನುವ ಕೆಲಸ ಹುಟ್ಟಿದ್ದು ಸೌಂಡ್ ಜಾಸ್ತಿ ಮಾಡೋದಕ್ಕಲ್ಲ, ಬಹುಪಾಲು ಅದನ್ನ ಹಿಡಿತದಲ್ಲಿಡೋದಕ್ಕೆ. ಅದು ಉಲ್ಟಾ ಹೊಡೆದದ್ದು ಹೇಗೆ ಅನ್ನೋದೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಬೇಕಿದ್ದರೆ ಕಾಫಿ ಮಾಡಿಕೊಂಡು ಬನ್ನಿ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಮಿಕ್ಸಿಂಗ್ ಬೇರೆ, ಮಾಸ್ಟರಿಂಗ್ ಬೇರೆ. ಸ್ಟುಡಿಯೋದಲ್ಲಿ ಹಾಡುವವರ ದನಿ, ಗಿಟಾರ್, ಡ್ರಮ್ಸ್ ಎಲ್ಲವೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಕೂತಿರುತ್ತವೆ. ಅವನ್ನೆಲ್ಲ ಹದವಾಗಿ ಬೆರೆಸಿ ಎಡ, ಬಲ ಎರಡೇ ಚಾನೆಲ್‌ಗೆ ಇಳಿಸೋದು ಮಿಕ್ಸಿಂಗ್. ಆಮೇಲೆ ಆ ಎರಡು ಚಾನೆಲ್‌ನ ಟೇಪು (ಈಗ ಫೈಲು) ಇನ್ನೊಬ್ಬರ ಕೈಗೆ ಹೋಗುತ್ತದೆ. ಮದುವೆಮನೆ ಸಾಂಬಾರಿನ ಥರ ಅಂದುಕೊಳ್ಳಿ. ಕುದ್ದು ಇಳಿಸಿದ ಮೇಲೆ ಹುರುಳಿಕಾಯಿ ಒಂದಕ್ಕೇ ಉಪ್ಪು ಕಮ್ಮಿ ಮಾಡೋಕಾಗಲ್ಲ, ಏನು ಮಾಡಿದರೂ ಇಡೀ ಕೊಳಗಕ್ಕೇ ಮಾಡಬೇಕು. ಮಾಸ್ಟರಿಂಗ್ ಮಾಡುವವರ ಪರಿಸ್ಥಿತಿ ಅದೇ. ಇಡೀ ಹಾಡಿನ ಮಂದ್ರ ಸ್ವಲ್ಪ ತಗ್ಗಿಸಬಹುದು, ಹಾಡು ಹಾಡುಗಳ ನಡುವೆ ಎಷ್ಟು ಸೆಕೆಂಡು ಮೌನ ಅಂತ ತೀರ್ಮಾನಿಸಬಹುದು, ಮೂರನೇ ಹಾಡು ನಾಲ್ಕನೆಯದಕ್ಕಿಂತ ತೀರಾ ಮೆತ್ತಗಿದ್ದರೆ ಸರಿತೂಗಿಸಬಹುದು. ಕೊನೆಗೆ ಕಾರ್ಖಾನೆಗೆ ಹೋಗುವ ಪ್ರತಿ ತಯಾರಿಸುವುದು ಅವರೇ. ಆ ಪ್ರತಿಯೇ ಮಾಸ್ಟರ್.

ಈ ಮಾಸ್ಟರ್ ಅನ್ನೋ ಮಾತು ಬಂದಿದ್ದು ಲೋಹದಿಂದ. ಮೊದಮೊದಲು ಕಹಳೆಯಂಥ ಕೊಳವೆಯ ಮುಂದೆ ನಿಂತು ಹಾಡಿದರೆ ಆ ಕಂಪನಕ್ಕೆ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೀರು ಎಳೆಯುತ್ತಿತ್ತು. ಆ ಮೇಣದ ಮೇಲೆ ವಿದ್ಯುತ್ತಿನಿಂದ ಲೋಹ ಕೂರಿಸಿ ಒಂದು ತದ್ವಿರುದ್ಧ ಅಚ್ಚು ತೆಗೀತಿದ್ದರು, ಅದು ಮಾಸ್ಟರ್. ಅದರಿಂದ 'ಮದರ್', ಮದರ್‌ನಿಂದ 'ಸ್ಟ್ಯಾಂಪರ್', ಸ್ಟ್ಯಾಂಪರ್‌ನಿಂದ ಸಾವಿರಾರು ತಟ್ಟೆಗಳು. ಒಂದು ಟೇಕ್ ತಪ್ಪಿದರೆ ಇನ್ನೊಂದು ಮೇಣ, ಅಷ್ಟೇ. ತಿದ್ದೋದು ಅನ್ನುವ ಪ್ರಶ್ನೆಯೇ ಇಲ್ಲ.

ಇಲ್ಲಿ ನಮ್ಮೂರಿಗೂ ಒಂದು ಎಳೆ ಇದೆ. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದರು. ಆ ಕಾಲದ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳೋದು ಕೇಳಿಸುತ್ತದೆ. ಅದು ಗತ್ತಿಗೆ ಹೇಳಿದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಸಲಿ ಕಾರಣ ಏನೆಂದರೆ ಅಚ್ಚು ಆಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಿಂದೂಸ್ತಾನಿ ಗಂಧಗಾಳಿ ಇಲ್ಲ, ಯಾವ ಅಚ್ಚು ಯಾರದು ಅಂತ ಗೊತ್ತಾಗಬೇಕಲ್ಲ! ಒಂದು ಥರದಲ್ಲಿ ಈಗಿನ ಫೈಲಿನ ಮೆಟಾಡೇಟಾ ಇದ್ದ ಹಾಗೆ, ಬಾಯಲ್ಲೇ ಹೇಳಿದ ಮೆಟಾಡೇಟಾ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಮೈಸೂರಿನಲ್ಲಿದ್ದರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಅವರ ಬಗ್ಗೆ ನಮ್ಮ ಬೆಂಗಳೂರಿನ ವಿಕ್ರಮ್ ಸಂಪತ್ ಪುಸ್ತಕ ಬರೆದಿದ್ದಾರೆ, ಸಿಕ್ಕರೆ ಓದಿ.

ಇರಲಿ, ವಿಷಯಕ್ಕೆ ಬರೋಣ. 1925ರಲ್ಲಿ ಮೈಕ್ ಬಂತು. ಆದರೂ ಹಾಡು ನೇರವಾಗಿ ಮೇಣಕ್ಕೇ ಹೋಗುತ್ತಿತ್ತು. ನಿಜವಾದ ತಿರುವು ಟೇಪಿನದ್ದು. ಜರ್ಮನಿಯಲ್ಲಿ 1935ರಲ್ಲೇ ಮ್ಯಾಗ್ನೆಟೋಫೋನ್ ಅನ್ನುವ ಟೇಪ್ ರೆಕಾರ್ಡರ್ ಬಂದಿತ್ತು. ಯುದ್ಧ ಮುಗಿದ ಮೇಲೆ ಜಾಕ್ ಮಲಿನ್ ಎಂಬ ಅಮೆರಿಕನ್ ಸೇನೆಯ ಎಂಜಿನಿಯರ್ ಅಂಥ ಎರಡು ಯಂತ್ರ ಊರಿಗೆ ಸಾಗಿಸಿಕೊಂಡು ಹೋದ. ಗಾಯಕ ಬಿಂಗ್ ಕ್ರಾಸ್ಬಿ 1947ರಲ್ಲಿ ತನ್ನ ರೇಡಿಯೋ ಕಾರ್ಯಕ್ರಮಕ್ಕೆ ಅದನ್ನ ಬಳಸಿಕೊಂಡರು, 1948ರಲ್ಲಿ ಆಂಪೆಕ್ಸ್ ಕಂಪನಿ ತನ್ನದೇ ಯಂತ್ರ ಮಾರಿತು. ಅದೇ 1948ರಲ್ಲಿ ಕೊಲಂಬಿಯಾ ಕಂಪನಿಯ ಎಲ್‌ಪಿ ಕೂಡಾ ಬಂತು. ಈ ಎರಡೂ ಒಟ್ಟಿಗೆ ಬಂದದ್ದರಿಂದ ಕೆಲಸ ಎರಡಾಗಿ ಸೀಳಿತು. ಹಾಡನ್ನ ಟೇಪಿಗೆ ಹಿಡಿಯುವವರು ಒಬ್ಬರು, ಟೇಪಿನಿಂದ ತಟ್ಟೆಗೆ ಕೊರೆಯುವವರು ಇನ್ನೊಬ್ಬರು. ಈ ಎರಡನೆಯವರೇ ಇವತ್ತಿನ ಮಾಸ್ಟರಿಂಗ್ ಎಂಜಿನಿಯರ್‌ಗಳ ಅಜ್ಜಂದಿರು. ಶುರುವಿನಲ್ಲಿ ಅವರಿಗೆ ಅಂಥಾ ಮರ್ಯಾದೆಯೇನೂ ಇರಲಿಲ್ಲ. ಕಂಪನಿಯ ಮೂಲೆಯ ರೂಮಿನಲ್ಲಿ ಕೂತು, ಟೇಪಿನಲ್ಲಿ ಇರೋದನ್ನ ಇದ್ದ ಹಾಗೆ ತಟ್ಟೆಗೆ ದಾಟಿಸುವ ಗುಮಾಸ್ತಿಕೆ ಕೆಲಸ ಅದು.

ಇದ್ದ ಹಾಗೆ ದಾಟಿಸೋದು ಅಂದೆನಲ್ಲ, ಕಷ್ಟ ಇರೋದೇ ಅಲ್ಲಿ. (ಕನ್ನಡದಲ್ಲಿ ಕೊರೆಯೋದು ಅನ್ನೋದಕ್ಕೆ ಎರಡು ಅರ್ಥ. ಮುಂದಿನ ನಾಲ್ಕು ಪ್ಯಾರಾಗಳಲ್ಲಿ ಎರಡೂ ನಡೆಯಲಿದೆ, ಕ್ಷಮೆ ಇರಲಿ :-) )

ಎಲ್‌ಪಿ ಮೇಲಿನ ಗೀರು ಹೆಚ್ಚುಕಡಿಮೆ ತಲೆಗೂದಲಿನಷ್ಟು ಅಗಲ. ಹೊರಗಿನ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ಮಧ್ಯದ ಲೇಬಲ್‌ವರೆಗೆ ಹೋಗುವ ಒಂದೇ ಒಂದು ಗೀರು. ಇಪ್ಪತ್ತೆರಡು ನಿಮಿಷದ ಒಂದು ಮಗ್ಗುಲಿಗೆ ಲೆಕ್ಕ ಹಾಕಿದರೆ ಅದರ ಉದ್ದ ಸುಮಾರು ಅರ್ಧ ಕಿಲೋಮೀಟರ್. ಸೌಂಡ್ ಜೋರಾದಷ್ಟೂ ಸೂಜಿ ಅಕ್ಕಪಕ್ಕ ಹೆಚ್ಚು ಅಲುಗಾಡುತ್ತದೆ, ಅಂದರೆ ಗೀರು ಹೆಚ್ಚು ಜಾಗ ತಿನ್ನುತ್ತದೆ. ಮಂದ್ರ ಸ್ವರಗಳದ್ದಂತೂ ದೊಡ್ಡ ದೊಡ್ಡ ವಾಲಾಟ. ಪಕ್ಕದ ಗೀರಿಗೆ ಹೋಗಿ ಗುದ್ದಿದರೆ ಕೇಳುವವರ ಮನೆಯಲ್ಲಿ ಮುಳ್ಳು ಹಾರಿ ಹಾಡು ಗಕ್ಕನೆ ಮುಂದಕ್ಕೆ ನೆಗೆಯುತ್ತದೆ. ಇದನ್ನ ತಪ್ಪಿಸಲು ಕೊರೆಯುವಾಗ ಮಂದ್ರವನ್ನ ಬೇಕಂತಲೇ ತಗ್ಗಿಸಿ, ತಾರವನ್ನ ಏರಿಸಿ ಕೊರೆಯುತ್ತಾರೆ. ಕೇಳುವ ಯಂತ್ರದಲ್ಲಿ ಅದಕ್ಕೆ ಸರಿಯಾಗಿ ತಿರುಗುಮುರುಗು ಮಾಡುತ್ತಾರೆ. 1954ರವರೆಗೆ ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ ಇತ್ತು, ಆ ವರ್ಷ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಎಲ್ಲರಿಗೂ ಒಂದೇ ಸೂತ್ರ ಮಾಡಿತು. 20 ಹರ್ಟ್ಜ್ ಹತ್ತಿರ ಸುಮಾರು 20 ಡೆಸಿಬೆಲ್ ಇಳಿಕೆ, 20,000 ಹರ್ಟ್ಜ್ ಹತ್ತಿರ ಸುಮಾರು 20 ಡೆಸಿಬೆಲ್ ಏರಿಕೆ. ಟರ್ನ್‌ಟೇಬಲ್ ಇಟ್ಟುಕೊಂಡವರಿಗೆ 'ಫೋನೋ' ಅನ್ನುವ ಬೇರೆ ಪಿನ್ ಯಾಕಿದೆ ಅಂತ ಈಗ ಗೊತ್ತಾಗಿರಬಹುದು.

ಸ್ಟೀರಿಯೋ ಬಂದ ಮೇಲೆ ಇನ್ನೊಂದು ತಲೆನೋವು ಶುರುವಾಯಿತು. ಎಡಬಲ ಎರಡೂ ಒಂದೇ ಥರ ಇದ್ದಾಗ ಸೂಜಿ ಅಡ್ಡಕ್ಕೆ ಓಡಾಡುತ್ತದೆ, ಒಂದಕ್ಕೊಂದು ವಿರುದ್ಧ ಇದ್ದಾಗ ಮೇಲೆ ಕೆಳಗೆ. ಜೋರಾದ ಮಂದ್ರವೇನಾದರೂ ಎರಡು ಚಾನೆಲ್‌ಗಳಲ್ಲಿ ವಿರುದ್ಧವಾಗಿ ಬಿದ್ದರೆ ಸೂಜಿ ತಟ್ಟೆ ಬಿಟ್ಟು ಮೇಲೇಳುತ್ತದೆ, ಗೀರೇ ಮಾಯ. ಅದಕ್ಕೇ ಕೊರೆಯುವವರು ಮಂದ್ರವನ್ನ ಎರಡೂ ಚಾನೆಲ್ ಸೇರಿಸಿ ನಡುವಿಗೆ ತರುತ್ತಿದ್ದರು. ಇದರ ಜೊತೆಗೆ ಇನ್ನೊಂದು: ತಟ್ಟೆ ಒಂದೇ ವೇಗದಲ್ಲಿ ತಿರುಗಿದರೂ ಹೊರ ಅಂಚಿನಲ್ಲಿ ಗೀರು ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳ ಅಂಚಿನಲ್ಲಿ ಸುಮಾರು 21 ಮಾತ್ರ. ಒಳಕ್ಕೆ ಹೋದ ಹಾಗೆ ಅದೇ ಸಂಗೀತವನ್ನ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಬೇಕು, ತಾರ ಸ್ವರಗಳು ಕೆಡುತ್ತವೆ. ಹಳೆಯ ಎಲ್‌ಪಿಗಳಲ್ಲಿ ಮಗ್ಗುಲಿನ ಕೊನೆಯ ಹಾಡು ಎಷ್ಟೋ ಸಲ ಮೆತ್ತಗಿನದ್ದು ಯಾಕಿರುತ್ತಿತ್ತು ಅನ್ನೋದಕ್ಕೆ ಇದೂ ಒಂದು ಕಾರಣ. ಕವಿಹೃದಯದ ಕಾರಣಗಳೂ ಇರಬಹುದು, ಬೇಡ ಅನ್ನಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ತಂತ್ರ. ಎಲ್ಲ ಸುತ್ತುಗಳಿಗೂ ಒಂದೇ ಅಂತರ ಬಿಟ್ಟರೆ ಮೆತ್ತಗಿನ ಕಡೆ ಜಾಗ ದಂಡ, ಜೋರಿನ ಕಡೆ ಇಕ್ಕಟ್ಟು. ಹಾಗಾಗಿ ಕೊರೆಯುವ ಕೋಣೆಯ ಟೇಪ್ ಯಂತ್ರದಲ್ಲಿ ಒಂದು ಹೆಚ್ಚುವರಿ ಹೆಡ್ ಇಟ್ಟರು. ಅದು ಟೇಪನ್ನ ಅಸಲಿ ಹೆಡ್‌ಗಿಂತ ಹೆಚ್ಚುಕಡಿಮೆ ತಟ್ಟೆಯ ಒಂದು ಸುತ್ತಿನಷ್ಟು, ಅಂದರೆ 1.8 ಸೆಕೆಂಡಿನ ಆಸುಪಾಸು, ಮುಂಚೆಯೇ ಕೇಳಿಸಿಕೊಳ್ಳುತ್ತದೆ. 'ಜೋರು ಬರ್ತಾ ಇದೆ' ಅಂತ ಗೊತ್ತಾದ ಕೂಡಲೇ ಲೇತ್ ಸುತ್ತಿನ ಅಂತರ ಹೆಚ್ಚಿಸುತ್ತದೆ, ಜೋರು ದಾಟಿದ ಮೇಲೆ ಮತ್ತೆ ಹತ್ತಿರ ತರುತ್ತದೆ. ಮುಂದೆ ಬರುವವನಿಗೆ ಮೊದಲೇ ದಾರಿ ಬಿಟ್ಟುಕೊಡೋದು. ಹಳೇ ಎಲ್‌ಪಿಯನ್ನ ಬೆಳಕಿಗೆ ಓರೆಯಾಗಿ ಹಿಡಿದರೆ ಪಟ್ಟೆ ಪಟ್ಟೆ ಕಾಣುತ್ತದಲ್ಲ, ಅದೇ ಇದು. ಈ ಮುಂಗಾಣ್ಕೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇರೆ ವೇಷದಲ್ಲಿ ವಾಪಸ್ ಬರಲಿದೆ.

ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಜೋರು ಮಾಡುವ ಆಸೆ ಆಗಲೂ ಇತ್ತು. ಜ್ಯೂಕ್‌ಬಾಕ್ಸ್‌ನ ವಾಲ್ಯೂಮ್ ಹೋಟೆಲ್ ಮಾಲೀಕನ ಕೈಯಲ್ಲಿ, ಹಾಡಿನಿಂದ ಹಾಡಿಗೆ ಯಾರೂ ತಿರುಗಿಸಲ್ಲ. ಹಾಗಾಗಿ ಪಕ್ಕದ ತಟ್ಟೆಗಿಂತ ಜೋರಾಗಿ ಕೊರೆದ ತಟ್ಟೆ ಕಿವಿ ಹಿಡಿಯುತ್ತದೆ. ಜೋರಿದ್ದದ್ದು ಚೆನ್ನಾಗಿದೆ ಅನಿಸೋದು ಭ್ರಮೆ ಮಾತ್ರ ಅಲ್ಲ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು, ಸೌಂಡ್ ಕಮ್ಮಿ ಇದ್ದಾಗ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳಲ್ಲ, ಜೋರಾದ ಹಾಗೆ ಅದು ತುಂಬಿಕೊಳ್ಳುತ್ತದೆ ಅಂತ. ಅದೇ ಹಾಡು ಒಂದೆರಡು ಡೆಸಿಬೆಲ್ ಏರಿಸಿ ಕೇಳಿಸಿದರೆ 'ಇದೇ ಚೆನ್ನಾಗಿದೆ' ಅಂತ ಹೇಳೋದು ಸಹಜ. ಅಮೆರಿಕದ ತಟ್ಟೆಗಳಷ್ಟು ಗಟ್ಟಿ ಬೇಸ್ ನಮಗೂ ಬೇಕು ಅಂತ ಬೀಟಲ್ಸ್ ಹುಡುಗರು ಇಎಂಐನವರ ತಲೆ ತಿನ್ನುತ್ತಿದ್ದರು. 1966ರ 'ಪೇಪರ್‌ಬ್ಯಾಕ್ ರೈಟರ್' ತಟ್ಟೆಯನ್ನ ಹಾಗೆ ಜೋರಾಗಿ ಕೊರೆಯಲು ಇಎಂಐ ತನ್ನದೇ ಹೊಸ ಉಪಕರಣ ಬಳಸಬೇಕಾಯಿತು.

ಇನ್ನು ಲೆಡ್ ಜೆಪೆಲಿನ್ ಕಥೆ ಹೇಳದಿದ್ದರೆ ಈ ಪೋಸ್ಟ್ ಅಪೂರ್ಣ. 1969ರಲ್ಲಿ ಅವರ ಎರಡನೇ ಆಲ್ಬಂ ಕೊರೆದದ್ದು ಬಾಬ್ ಲುಡ್ವಿಗ್ ಎಂಬ ಯುವಕ, ನ್ಯೂಯಾರ್ಕಿನ ಸ್ಟರ್ಲಿಂಗ್ ಸೌಂಡ್‌ನಲ್ಲಿ. ಮಿಕ್ಸ್‌ನಲ್ಲಿದ್ದ ಅಬ್ಬರವನ್ನ ಆತ ಹಾಗೇ ತಟ್ಟೆಗೆ ಇಳಿಸಿಬಿಟ್ಟ. ಒಳ್ಳೆಯ ಯಂತ್ರದಲ್ಲಿ ಅದ್ಭುತ. ಆದರೆ ಲುಡ್ವಿಗ್ ಅವರೇ ಹೇಳಿರುವ ಪ್ರಕಾರ, ಅಟ್ಲಾಂಟಿಕ್ ಕಂಪನಿಯ ಮುಖ್ಯಸ್ಥ ಅಹ್ಮೆಟ್ ಎರ್ಟೆಗನ್ ಅವರ ಮಗಳ ಅಗ್ಗದ ಪ್ಲೇಯರ್‌ನಲ್ಲಿ ಮುಳ್ಳು ಎಗರತೊಡಗಿತು. ಕಂಪನಿ ಹೆದರಿ ಸೌಂಡ್ ತಗ್ಗಿಸಿ ಮತ್ತೆ ಕೊರೆಸಿತು. ಮೊದಲ ಕಂತಿನ ತಟ್ಟೆಗಳು ಅಷ್ಟರಲ್ಲಿ ಅಂಗಡಿ ಸೇರಿದ್ದವು. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ 'ಆರ್‌ಎಲ್' ಅಂತ ಗೀಚಿರುವ ಆ ತಟ್ಟೆಗೆ ಸಂಗ್ರಾಹಕರು ಇವತ್ತು ನೂರಾರು ಡಾಲರ್ ಕೊಡುತ್ತಾರೆ. ಹಾಡು ಅದೇ, ಟೇಪು ಅದೇ, ದುಡ್ಡು ಕೊಡ್ತಿರೋದು ಕೊರೆದ ಕೈಗೆ!

ಆ ಗೀಚುವ ಅಭ್ಯಾಸವೇ ಒಂದು ಮಜಾ. ಲಂಡನ್ನಿನ ಜಾರ್ಜ್ ಪೆಕಮ್ ತಾನು ಕೊರೆದ ತಟ್ಟೆಗಳ ಮೇಲೆ ತನ್ನ ಅಡ್ಡಹೆಸರು 'ಪೋರ್ಕಿ' ಅಂತ ಗೀಚುತ್ತಿದ್ದರು. ಕವರ್ ಮೇಲೆ ಹೆಸರು ಹಾಕದ ಕಾಲದಲ್ಲಿ ಅದೇ ಅವರ ಸಹಿ. ಅಷ್ಟು ಹೊತ್ತಿಗೆ ಕೊರೆಯುವವರು ಗುಮಾಸ್ತರಾಗಿ ಉಳಿದಿರಲಿಲ್ಲ. 1967ರಲ್ಲಿ ಡಗ್ ಸ್ಯಾಕ್ಸ್ ಲಾಸ್ ಏಂಜಲೀಸ್‌ನಲ್ಲಿ ಮಾಸ್ಟರಿಂಗ್ ಲ್ಯಾಬ್ ತೆರೆದರು. ಯಾವ ರೆಕಾರ್ಡ್ ಕಂಪನಿಗೂ ಸೇರದ, ಮಾಸ್ಟರಿಂಗ್ ಒಂದನ್ನೇ ಮಾಡುವ ಮೊದಮೊದಲ ಜಾಗಗಳಲ್ಲಿ ಅದೂ ಒಂದು. ಪಿಂಕ್ ಫ್ಲಾಯ್ಡ್‌ನ 'ದಿ ವಾಲ್' ಅಲ್ಲೇ ಆಗಿದ್ದು. ಹಾಡು ಮಾಡಿದವರಿಗೆ ಹಾಡು ಕೇಳಿ ಕೇಳಿ ಕಿವಿ ಮರಗಟ್ಟಿರುತ್ತದೆ, ಹೊಸ ಕಿವಿ ಬೇಕು ಅನ್ನೋದು ಆಗಿನಿಂದ ಬಂದ ನಂಬಿಕೆ. ಕೋಡ್ ಬರೆದವನೇ ಟೆಸ್ಟ್ ಮಾಡಬಾರದು ಅಂತಾರಲ್ಲ, ಅದೇ ನ್ಯಾಯ.

ಗೀರಿನ ಅಳತೆ ಹಾಡನ್ನೇ ಹೇಗೆ ತಿದ್ದುತ್ತಿತ್ತು ಅನ್ನೋದಕ್ಕೆ 1982ರ 'ಥ್ರಿಲ್ಲರ್'ಗಿಂತ ಒಳ್ಳೆಯ ಉದಾಹರಣೆ ಸಿಗಲ್ಲ. ಮೈಕೆಲ್ ಜಾಕ್ಸನ್ ತಂಡ ಗಡಿಬಿಡಿಯಲ್ಲಿ ಕೆಲಸ ಮುಗಿಸಿ, ಬರ್ನಿ ಗ್ರಂಡ್‌ಮನ್ ಕೊರೆದ ಮಾದರಿ ತಟ್ಟೆ ತರಿಸಿ ಕೇಳಿತು. ಸಪ್ಪೆ. ಮಗ್ಗುಲೊಂದು 25 ನಿಮಿಷ ದಾಟಿತ್ತು, ಅಷ್ಟು ಉದ್ದದ ಗೀರಿಗೆ ಜೋರಾಗಿ ಅಲುಗಾಡಲು ಜಾಗವೇ ಇಲ್ಲ. ಬಿಡುಗಡೆ ಮುಂದೂಡಿ, ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮತ್ತು ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಹಾಡುಗಳನ್ನ ಒಂದೊಂದಾಗಿ ಮತ್ತೆ ಮಿಕ್ಸ್ ಮಾಡಿದರು, ಕೆಲವನ್ನ ಕತ್ತರಿಸಿದರು. ಕೊನೆಯ ಹಾಡಿನ ಒಂದು ಚರಣವೇ ಹೋಯಿತು. ನವೆಂಬರ್ 30ಕ್ಕೆ ಹೊರಬಂದ ಆಲ್ಬಂ ಮುಂದೆ ಏನಾಯಿತು ಅಂತ ಹೇಳಬೇಕಿಲ್ಲ. ವಿಚಿತ್ರ ನೋಡಿ, ಅದಕ್ಕೆ ಎರಡು ತಿಂಗಳ ಹಿಂದೆ, ಅಕ್ಟೋಬರ್ 1ರಂದು, ಜಪಾನಿನಲ್ಲಿ ಸೋನಿ ಕಂಪನಿ ಮೊದಲ ಸಿಡಿ ಪ್ಲೇಯರ್ ಮಾರಾಟಕ್ಕೆ ಇಟ್ಟಿತ್ತು. ಗೀರಿಗೆ ಹೆದರಿ ಹಾಡು ಕತ್ತರಿಸುತ್ತಿದ್ದ ಹೊತ್ತಿಗೇ ಗೀರಿನ ಕಾಲ ಮುಗಿಯತೊಡಗಿತ್ತು.

ಸಿಡಿಯಲ್ಲಿ ಮುಳ್ಳಿಲ್ಲ, ಹಾರೋದಿಲ್ಲ. ಮಂದ್ರ ಎಲ್ಲಿ ಬೇಕಾದರೂ ಇಡಿ, ಒಳಗಿನ ಅಂಚು ಹೊರಗಿನ ಅಂಚು ಎರಡೂ ಒಂದೇ. ಮೆತ್ತಗಿನದ್ದಕ್ಕೂ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಇಡಬಹುದು, ಎಲ್‌ಪಿಯಲ್ಲಿ ಅದು ಕನಸು. (ಸೆಕೆಂಡಿಗೆ 44,100 ಸ್ಯಾಂಪಲ್ ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತಾ? ಆಗ ಡಿಜಿಟಲ್ ಮಾಸ್ಟರ್ ಇಡುತ್ತಿದ್ದದ್ದು ವಿಡಿಯೋ ಟೇಪಿನಲ್ಲಿ. ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ. ಯೂರೋಪಿನ ಟಿವಿ ಲೆಕ್ಕದಲ್ಲೂ ಸರಿಹೋಗುತ್ತದೆ, 3 ಸಲ 294 ಸಲ 50.) ಶುರುವಿನ ಎಷ್ಟೋ ಸಿಡಿಗಳು ತೆಳ್ಳಗೆ ಕೇಳಿಸಿದ್ದಕ್ಕೆ ಒಂದು ಕಾರಣ, ಎಲ್‌ಪಿಗೆಂದು ಮೊದಲೇ ತಿದ್ದಿಟ್ಟ ಟೇಪನ್ನೇ ಸಿಡಿಗೂ ಹಾಕಿದ್ದು. ಅದು ಕೆಲವೇ ವರ್ಷಗಳಲ್ಲಿ ಸರಿಹೋಯಿತು. ಎಂಬತ್ತರ ದಶಕದ ಒಳ್ಳೆಯ ಸಿಡಿಗಳು ಇವತ್ತಿಗೂ ಉಸಿರಾಡುತ್ತವೆ. ಡ್ರಮ್ ಏಟು ಏಟಿನ ಹಾಗೇ ಬೀಳುತ್ತದೆ, ಏಟು ಏಟಿನ ನಡುವೆ ಜಾಗ ಇದೆ.

ಆದರೆ ಸಿಡಿಗೂ ಒಂದು ಮಿತಿ ಇತ್ತು, ಬೇರೆ ಥರದ್ದು. 16 ಬಿಟ್‌ನಲ್ಲಿ ಧನಾತ್ಮಕ ಸಂಖ್ಯೆ 32,767ಕ್ಕೆ ಮುಗಿಯಿತು. ಅದರಾಚೆ ಸಂಖ್ಯೆಯೇ ಇಲ್ಲ, ಅಲೆಯ ತುದಿ ಚಪ್ಪಟೆ. ಎಲ್‌ಪಿಯಲ್ಲಿ ಅತಿ ಮಾಡಿದರೆ ಮುಳ್ಳು ಹಾರುತ್ತಿತ್ತು, ಗಿರಾಕಿ ತಟ್ಟೆ ವಾಪಸ್ ತರುತ್ತಿದ್ದ, ಕಂಪನಿಗೆ ನಷ್ಟ. ಸಿಡಿಯಲ್ಲಿ ಅತಿ ಮಾಡಿದರೆ ಯಾರೂ ವಾಪಸ್ ತರಲ್ಲ, ಹಾಡು ಶುರುವಿನಿಂದ ಕೊನೆವರೆಗೆ ಸರಾಗವಾಗಿ ಓಡುತ್ತದೆ, ಕಿವಿ ಮಾತ್ರ ಸುಸ್ತಾಗುತ್ತದೆ. ಹದ ಕಾಯುತ್ತಿದ್ದದ್ದು ಎಂಜಿನಿಯರ್ ಒಬ್ಬನೇ ಅಲ್ಲ, ವಾಪಸ್ ಬರುವ ತಟ್ಟೆಯೂ ಅವನ ಜೊತೆಗಿತ್ತು. ಈಗ ಅವನು ಒಬ್ಬಂಟಿ. ಎದುರಿಗೆ ಕೂತ ಬ್ಯಾಂಡಿನವರು "ಅವರ ಸಿಡಿ ನಮ್ಮದಕ್ಕಿಂತ ಜೋರಿದೆ ಯಾಕೆ?" ಅಂದರೆ 'ಮುಳ್ಳು ಹಾರುತ್ತೆ ಸ್ವಾಮಿ' ಅಂತ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

1994ರಲ್ಲಿ ಇಸ್ರೇಲಿನ ವೇವ್ಸ್ ಕಂಪನಿ 'ಎಲ್1' ಅನ್ನೋ ಸಾಫ್ಟ್‌ವೇರ್ ಲಿಮಿಟರ್ ತಂದಿತು. ಆಗ ನೆನಪಿಟ್ಟುಕೊಳ್ಳಿ ಅಂದಿದ್ದ ಮುಂಗಾಣ್ಕೆ ಬಂತು ನೋಡಿ! ಈ ಸಾಫ್ಟ್‌ವೇರೂ ಹಾಡನ್ನ ಕೊಂಚ ಮುಂಚೆಯೇ ಓದುತ್ತದೆ, ಕೆಲವು ಮಿಲಿಸೆಕೆಂಡಿನಷ್ಟು. ಆದರೆ ಲೇತ್ ಮುಂದೆ ನೋಡುತ್ತಿದ್ದದ್ದು ಜೋರಿಗೆ ಜಾಗ ಮಾಡಿಕೊಡಲು. ಇದು ನೋಡೋದು ಜೋರಿನ ತಲೆ ತಗ್ಗಿಸಲು. ಡ್ರಮ್ಮಿನ ಏಟು ಬರುವ ಮುಂಚೆಯೇ ಅದನ್ನ ಒತ್ತಿ ಹಿಡಿ, ಹಾಗೆ ಉಳಿದ ಜಾಗದಲ್ಲಿ ಮಿಕ್ಕಿದ್ದೆಲ್ಲವನ್ನೂ ಮೇಲಕ್ಕೆತ್ತು. ಮೆತ್ತಗೆ ಬಳಸಿದರೆ ಗೊತ್ತೇ ಆಗಲ್ಲ, ಒಳ್ಳೆಯ ಸಾಧನ. ಅತಿ ಬಳಸಿದರೆ ಪಿಸುಮಾತು, ಕೂಗು ಎರಡೂ ಒಂದೇ ಎತ್ತರ. ಇಂಥ ಹಾಡಿನ ಅಲೆಯನ್ನ ಯಾವುದಾದರೂ ಆಡಿಯೋ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ, ಬೆಟ್ಟ ಕಣಿವೆ ಏನೂ ಇರಲ್ಲ, ಇಟ್ಟಿಗೆ ಇಟ್ಟ ಹಾಗೆ ಕಾಣುತ್ತದೆ.

ಆಮೇಲಿನದ್ದಕ್ಕೆ ಇಂಗ್ಲಿಷಿನಲ್ಲಿ 'ಲೌಡ್‌ನೆಸ್ ವಾರ್' ಅಂತ ಹೆಸರೇ ಇದೆ. 1995ರ ಒಯಾಸಿಸ್, 1997ರಲ್ಲಿ ಇಗ್ಗಿ ಪಾಪ್ ತಾನೇ ಕೂತು ಮತ್ತೆ ಮಿಕ್ಸ್ ಮಾಡಿಸಿದ 'ರಾ ಪವರ್', 1999ರ 'ಕ್ಯಾಲಿಫೋರ್ನಿಕೇಶನ್', ಒಂದರ ಮೇಲೊಂದು. ಕೆನಡಾದ ರಷ್ ತಂಡದ 2002ರ 'ವೇಪರ್ ಟ್ರೇಲ್ಸ್' ಎಷ್ಟು ಕೆಟ್ಟಿತ್ತೆಂದರೆ 2013ರಲ್ಲಿ ಇಡೀ ಆಲ್ಬಂ ಮತ್ತೆ ಮಿಕ್ಸ್ ಆಗಿ ಬಂತು.

2008ರ ಸೆಪ್ಟೆಂಬರಿನಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂತು. ಸಿಡಿಯಲ್ಲಿ ಡ್ರಮ್ಸ್ ಕರಕರ ಅನ್ನುತ್ತಿತ್ತು. ಹೀಗೇ ಇರಬೇಕೇನೋ ಅಂತ ಸುಮ್ಮನಾಗಬಹುದಿತ್ತು. ಆದರೆ ಅವೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮಿಗೂ ಬಂದವು, ಮತ್ತು ಗೇಮಿಗೆ ಕೊಟ್ಟಿದ್ದು ಮಾಸ್ಟರಿಂಗ್‌ಗೆ ಮುಂಚಿನ ಬಿಡಿ ಟ್ರ್ಯಾಕ್‌ಗಳು. ಅಭಿಮಾನಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರು, ಗೇಮಿನದ್ದೇ ಎಷ್ಟೋ ವಾಸಿ! ಸಿಡಿ ಸರಿಮಾಡಿ ಅಂತ ಸಾವಿರಾರು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್, ತನ್ನ ಕೈಗೆ ಬರುವಾಗಲೇ ಮಿಕ್ಸ್ ಹಾಗೆ ಹಿಂಡಿ ಬಂದಿತ್ತು, ತನಗೂ ಅದು ಹೆಮ್ಮೆಯ ಕೆಲಸವಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಕೆಟ್ಟ ಹೆಸರು ಮಾತ್ರ ಕೊನೆಯಲ್ಲಿ ಸಹಿ ಹಾಕಿದವರಿಗೆ. ಅದೇ ವರ್ಷದ ನವೆಂಬರಿನಲ್ಲಿ ಹೊರಬಂದ ಆಲ್ಬಂಗಾಗಿ ಗನ್ಸ್ ಎನ್ ರೋಸಸ್ ತಂಡಕ್ಕೆ ನಮ್ಮ ಹಳೇ ಬಾಬ್ ಲುಡ್ವಿಗ್ ಮೂರು ಮಾಸ್ಟರ್ ಮಾಡಿಕೊಟ್ಟರು. ತಂಡ ಅವುಗಳಲ್ಲಿ ಹೆಚ್ಚು ಏರಿಳಿತ ಇರುವುದನ್ನೇ ಆರಿಸಿತು. 1969ರಲ್ಲಿ ಜೋರು ಮಾಡಿ ಬೈಸಿಕೊಂಡವರು, 2008ರಲ್ಲಿ ಮೆತ್ತಗಿರುವುದನ್ನ ಒಪ್ಪಿಕೊಂಡರಲ್ಲ ಅಂತ ಖುಷಿಪಟ್ಟರು.

ಈ ಜಗಳ ತಣ್ಣಗಾಗಲು ದಾರಿ ಮಾಡಿದ್ದು ಅಭಿರುಚಿ ಅಲ್ಲ, ಒಂದು ಅಳತೆಗೋಲು. ಹಳೆಯ ಮೀಟರ್‌ಗಳು ಅಲೆಯ ತುದಿ ಎಷ್ಟು ಎತ್ತರ ಅಂತ ಅಳೆಯುತ್ತಿದ್ದವು. ಕಿವಿಗೆ ಎಷ್ಟು ಜೋರು ಅನಿಸುತ್ತದೆ ಅನ್ನೋದು ಬೇರೆಯೇ ಲೆಕ್ಕ. 2006ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈ ಎರಡನೆಯದನ್ನ ಅಳೆಯುವ ಸೂತ್ರ ಪ್ರಕಟಿಸಿತು. ಅದರ ಮೇಲೆ 2010ರಲ್ಲಿ ಯೂರೋಪಿನ ಪ್ರಸಾರಕರು ತಮ್ಮ ನಿಯಮ ಕಟ್ಟಿಕೊಂಡರು. ಮೂಲ ಉದ್ದೇಶ ಟಿವಿ. ಧಾರಾವಾಹಿ ನಡುವೆ ಜಾಹೀರಾತು ಬಂದಾಗ ರಿಮೋಟ್ ಹುಡುಕುವ ಹಾಗಾಗಬಾರದು ಅಂತ. ಅದೇ ಸೂತ್ರ ಹಾಡಿನ ಆಪ್‌ಗಳಿಗೂ ಬಂತು. ಸ್ಪಾಟಿಫೈ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ ಎಂಬ ಮಟ್ಟಕ್ಕೆ ತರುತ್ತದೆ, ಆಪಲ್ ಸುಮಾರು ಮೈನಸ್ 16ಕ್ಕೆ. ಮೈನಸ್ 8ಕ್ಕೆ ಹಿಂಡಿ ತಂದ ಹಾಡನ್ನ ಸ್ಪಾಟಿಫೈ ಸದ್ದಿಲ್ಲದೆ 6 ಡೆಸಿಬೆಲ್ ಇಳಿಸಿಬಿಡುತ್ತದೆ. ಹಿಂಡಿದ್ದು ದಂಡ. ಏರಿಳಿತ ಉಳಿಸಿಕೊಂಡ ಹಾಡು ಅದೇ ಮಟ್ಟದಲ್ಲಿ ಹೆಚ್ಚು ಜೀವಂತ ಕೇಳಿಸುತ್ತದೆ. ಇಷ್ಟಾದರೂ ಜೋರು ಮಾಸ್ಟರ್‌ಗಳು ಇಂದಿಗೂ ಬರುತ್ತಲೇ ಇವೆ. ಕೆಲವರಿಗೆ ಆ ಹಿಂಡಿದ ಸದ್ದೇ ಇಷ್ಟ, ಇರಲಿ, ಅದೂ ಒಂದು ರುಚಿ.

ನನ್ನ ತಕರಾರು ಹೊಸ ಹಾಡುಗಳದ್ದಲ್ಲ, ಹಳೆಯದರದ್ದು. ಆಪ್ ಸೌಂಡ್ ಇಳಿಸಬಹುದೇ ಹೊರತು ಲಿಮಿಟರ್ ಒತ್ತಿಹಾಕಿದ ಏಟನ್ನ ವಾಪಸ್ ತರಲಾರದು. ಯುದ್ಧದ ವರ್ಷಗಳಲ್ಲಿ ರೀಮಾಸ್ಟರ್ ಆದ ಎಪ್ಪತ್ತರ ದಶಕದ ಆಲ್ಬಂ ಒಂದು ಆಪ್‌ಗೆ ಬರುತ್ತದೆ ಅಂದುಕೊಳ್ಳಿ. ಸಾಮಾನ್ಯವಾಗಿ ಇತ್ತೀಚಿನ ಪ್ರತಿಯೇ ಅಲ್ಲಿ ಕೂರುತ್ತದೆ, ಹಳೆಯದು ಮೆಲ್ಲಗೆ ಕಾಣೆಯಾಗುತ್ತದೆ. ಮುಂದೆ ಕೇಳುವ ಹುಡುಗರಿಗೆ ಆ ಆಲ್ಬಂ ಅಂದರೆ ಅದೇ. ಕೆಲಸವನ್ನ ಮರ್ಯಾದೆಯಿಂದ ಮಾಡಿದವರೂ ಇದ್ದಾರೆ. ಬೀಟಲ್ಸ್‌ನ 2009ರ ಮೋನೋ ಸಿಡಿಗಳಲ್ಲಿ ಲಿಮಿಟರ್ ಮುಟ್ಟಲೇ ಇಲ್ಲ. ಎಲ್ಲರೂ ಹಾಗಲ್ಲ.

'ಮೂಲ ಟೇಪ್ ಇದೆಯಲ್ಲ, ಯಾವಾಗ ಬೇಕಾದರೂ ಮತ್ತೆ ಮಾಡಬಹುದು' ಅನ್ನುವ ಧೈರ್ಯಕ್ಕೂ ಪೆಟ್ಟು ಬಿದ್ದಿದ್ದು 2008ರಲ್ಲೇ. ಆ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿತ್ತು. ಅಲ್ಲಿದ್ದ ಸಂಗೀತದ ಮಾಸ್ಟರ್ ಟೇಪುಗಳು ಸುಟ್ಟುಹೋದ ಸಂಗತಿ ಲೋಕಕ್ಕೆ ದೊಡ್ಡದಾಗಿ ಗೊತ್ತಾದದ್ದು ಹನ್ನೊಂದು ವರ್ಷ ಬಿಟ್ಟು, 2019ರ ನ್ಯೂಯಾರ್ಕ್ ಟೈಮ್ಸ್ ವರದಿಯಿಂದ. ಎಷ್ಟು ಹೋಯಿತು ಅನ್ನೋದರ ಬಗ್ಗೆ ಕಂಪನಿಗೂ ಪತ್ರಿಕೆಗೂ ತಕರಾರು ನಡೆಯಿತು. ಟೇಪ್ ಇಲ್ಲದ ಹಾಡಿಗೆ ಯಾರೋ ಎಂದೋ ಮಾಡಿಟ್ಟ ಮಾಸ್ಟರೇ ಗತಿ. ಎಂಬತ್ತರ ದಶಕದ ಮೊದಲ ಸಿಡಿಗಳನ್ನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹುಡುಕುವವರನ್ನ ನಾನು ಮೊದಲು ಸುಮ್ಮನೆ ಶೋಕಿ ಮಾಡುವವರು ಅಂದುಕೊಳ್ಳುತ್ತಿದ್ದೆ, ಈಗ ಹಾಗನಿಸಲ್ಲ.

ಅತ್ತ ಗೀರು ಸತ್ತೇ ಹೋಯಿತು ಅಂದುಕೊಂಡಿದ್ದರೆ ಅದೂ ಇಲ್ಲ. 2022ರಲ್ಲಿ ಅಮೆರಿಕದಲ್ಲಿ ಎಲ್‌ಪಿಗಳು ಎಣಿಕೆಯಲ್ಲಿ ಸಿಡಿಗಳನ್ನ ಹಿಂದೆ ಹಾಕಿದವು, 4 ಕೋಟಿ 10 ಲಕ್ಷಕ್ಕೆ ಎದುರಾಗಿ 3 ಕೋಟಿ 30 ಲಕ್ಷ. ಅದಕ್ಕೆ ಎರಡು ವರ್ಷ ಮುಂಚೆ, 2020ರ ಫೆಬ್ರವರಿಯಲ್ಲಿ, ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬ ಊರಲ್ಲಿ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋಗಿತ್ತು. ಎಲ್‌ಪಿ ಕೊರೆಯಲು ಬೇಕಾದ, ಅಲ್ಯೂಮಿನಿಯಂ ಮೇಲೆ ಮೆರುಗೆಣ್ಣೆ ಬಳಿದ ತಟ್ಟೆಗಳನ್ನ ಮಾಡುತ್ತಿದ್ದದ್ದು ಆಗ ಜಗತ್ತಿನಲ್ಲಿ ಎರಡೇ ಕಡೆ, ಅದರಲ್ಲಿ ಇದೊಂದು. ಇನ್ನೊಂದು ಜಪಾನಿನಲ್ಲಿ. ಬಾಬ್ ಲುಡ್ವಿಗ್ 2023ರಲ್ಲಿ ನಿವೃತ್ತರಾದರು. ಅವರ ಲೆಡ್ ಜೆಪೆಲಿನ್ ಕೊರೆತ ಯೂಟ್ಯೂಬಿನಲ್ಲಿ ಯಾರಾದರೂ ಹಾಕಿರುತ್ತಾರೆ. ಅದನ್ನೂ ಆಪ್‌ನಲ್ಲಿರುವ 2014ರದ್ದನ್ನೂ ಒಂದೇ ವಾಲ್ಯೂಮಿಗೆ ತಂದು, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಂದಾದ ಮೇಲೊಂದು ಕೇಳಿ. ಯಾವುದು ಇಷ್ಟವಾಯಿತು ಅಂತ ಕಾಮೆಂಟಿನಲ್ಲಿ ತಿಳಿಸಿ.